ಕಂಚುಗಾರ ಹಕ್ಕಿಯ ಊದುಗೊಳವೆ

ನನ್ನ ಕೈಯಲ್ಲಿರುವ ಈ ಊದುಗೊಳವೆ ಲೋಕದಲ್ಲಿ ಮೊಟ್ಟಮೊದಲು ಹುಟ್ಟಿದ್ದು. ಆಮೇಲೆ ಬಂದವೆಲ್ಲ ಇದರ ಮರಿಗಳು. ತುಂಬಿದ ಹೊಳೆಗೆ ಹಾರಿ, ಸುಳಿಯ ಬಾಯಿಂದ ಇದನ್ನು ಕಿತ್ತು ತಂದವನು ನಾನು. ದಂಡೆಯ ಮೇಲೆ ಊರಿಗೆ ಊರೇ ನಿಂತು ನೋಡಿತ್ತು. ಅವರಲ್ಲಿ ಒಬ್ಬರೂ ಈಗ ಬದುಕಿಲ್ಲ, ಅದಕ್ಕೆ ನಾನೇನು ಮಾಡಲಿ?

ಬಿರುಕಿನ ಮೇಲೆ ತವರದ ಚೂರಿಟ್ಟು, ಇದರಿಂದ ಬೆಂಕಿಯನ್ನು ಊದಿದರೆ ಬೆಸುಗೆ ಕೂರುತ್ತದೆ. ಇದನ್ನು ಅಮ್ಮನ ಊರಲ್ಲಿ ಊದಗೊಳವಿ ಅನ್ನುತ್ತಾರೆ, ಇಲ್ಲಿ ಯಾಕೆ ಬೇರೆ ಅಂತ ಮೊಮ್ಮಗಳು ಕಾಳಿಂದಿ ಕೇಳಿದಳು. ಅದಕ್ಕೇ ಈ ಕತೆ.

ಭೂಮಿ ಆಗಷ್ಟೇ ಎರಕ ಹೊಯ್ದ ಹಂಡೆಯ ಹಾಗೆ ಬಿಸಿಯಾಗಿತ್ತು. ಆರುತ್ತಾ ಆರುತ್ತಾ ಬಿರುಕು ಬಿಟ್ಟಿತು. ಹೊಳೆಗಳ ನೀರೆಲ್ಲ ಸೋರತೊಡಗಿತು. ಕೃಷ್ಣೆ ಅತ್ತಳು, ಕಾವೇರಿ ಅತ್ತಳು, ನೇತ್ರಾವತಿ ಅತ್ತಳು. ಅತ್ತ ನೀರೂ ಸೋರಿಹೋಯಿತು.

ಬೆಸುಗೆ ಬಲ್ಲ ಜೀವ ಒಂದೇ ಒಂದು, ಕಂಚುಗಾರ ಹಕ್ಕಿ. ಆಗ ಅದರ ಮೈಯೆಲ್ಲ ಎಲೆಹಸಿರು. ತಾಮ್ರದ ತಗಡು ಸುತ್ತಿ ಒಂದು ಕೊಳವೆ ಮಾಡಿತು. ಉಸಿರು ನಾನು ಕೊಡುತ್ತೇನೆ ಅಂದಿತು ಗಾಳಿ. ಕರಗಿದ ತವರ ತೊಟ್ಟಿಕ್ಕುವ ಸದ್ದನ್ನೇ ಹಿಡಿದು ಹಕ್ಕಿ ಆ ಕೊಳವೆಗೆ ‘ಟುಕ್’ ಎಂದು ಹೆಸರಿಟ್ಟಿತು. ಊದಿತು, ಬೆಸೆಯಿತು. ಊದಿತು, ಬೆಸೆಯಿತು. ಹೊಳೆಗಳು ಉಳಿದವು.

ಮತ್ತೆ ಬಿರುಕು ಬಿಟ್ಟರೆ ಬೇಕಾಗುತ್ತದೆ, ಕೊಳವೆ ನಮ್ಮಲ್ಲೇ ಇರಲಿ ಅಂದವು ಹೊಳೆಗಳು. ಒಳ್ಳೆಯ ಹಕ್ಕಿ, ಕೊಟ್ಟುಬಿಟ್ಟಿತು. ಕೊಳವೆ ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಓಡಾಡಿತು. ಕೃಷ್ಣೆಯ ಕಡೆಯವರು ಊದಗೊಳವಿ ಅಂದರು. ಕಾವೇರಿಯ ಕಡೆಯವರು ಊದ್ಗೊಳ್ವೆ ಅಂದರು. ನೇತ್ರಾವತಿಯ ಕಡೆಯವರು ಅಷ್ಟುದ್ದ ಯಾರು ಅನ್ನುತ್ತಾರೆ ಅಂತ ಬರೀ ಕೊಳವೆ ಅಂದರು. ಹೆಸರಿಟ್ಟದ್ದೇ ತಡ, ಅದು ಅವರವರ ಸ್ವಂತದ್ದಾಯಿತು.

ಬೇಸಿಗೆ ಬಂತು. ಹಕ್ಕಿಯ ಗೂಡಿನಲ್ಲಿ ಮರಿಗಳಿಗೆ ನೀರಿಟ್ಟಿದ್ದ ಬಟ್ಟಲು ಸೀಳಿತು. ಹಕ್ಕಿ ಹೊಳೆಗಳ ಬಳಿ ಓಡಿತು.

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಇನ್ನೊಬ್ಬರ ಕುಲುಮೆಯಲ್ಲಿರುವ ಸಾಮಾನನ್ನು ಹೆಸರು ಹೇಳಿಯೇ ಕೇಳಬೇಕು. ಬೆರಳು ತೋರಿಸಿದರೆ ಕೊಡುವುದಿಲ್ಲ.

“ನನ್ನ ಟುಕ್ ಕೊಡಿ,” ಅಂದಿತು ಹಕ್ಕಿ.

ಅಂಥದ್ದು ನಮ್ಮಲ್ಲಿಲ್ಲ ಅಂದಳು ಕೃಷ್ಣೆ. ಇಲ್ಲ ಅಂದಳು ಕಾವೇರಿ. ಇಲ್ಲ ಅಂದಳು ನೇತ್ರಾವತಿ.

“ಅಗೋ, ಅದೇ. ನಾನೇ ಮಾಡಿದ್ದು.”

“ನೀನೇ ಮಾಡಿದ್ದಾದರೆ ಅದರ ಹೆಸರೂ ನಿನಗೆ ಗೊತ್ತಿರಬೇಕಿತ್ತಲ್ಲ ತಾಯಿ,” ಅಂದಳು ಕೃಷ್ಣೆ. ಉಳಿದಿಬ್ಬರು ನಕ್ಕರು. ಗಾಳಿ ಎಲ್ಲವನ್ನೂ ಕೇಳಿತು, ಕೇಳಿಸದ ಹಾಗೆ ಬೀಸಿಹೋಯಿತು.

ಹಕ್ಕಿ ಬರಿಗೈಲಿ ಗೂಡಿಗೆ ಬಂತು. ಕೊಳವೆಯಿಲ್ಲದೆ, ಕೆಂಡವನ್ನೇ ಕೊಕ್ಕಿನಲ್ಲಿ ಕಚ್ಚಿ ಊದಿತು. ಹಣೆ ಸುಟ್ಟಿತು, ಗಂಟಲು ಸುಟ್ಟಿತು, ತವರ ಕರಗಲಿಲ್ಲ. ಬಟ್ಟಲು ಒಣಗಿತು. ಸ್ವಲ್ಪ ಹೊತ್ತಿಗೆ ಗೂಡಿನಿಂದ ಚಿಂವ್ ಅನ್ನುವ ಸದ್ದೂ ನಿಂತಿತು. ಕೆಳಗೆ ಹೊಳೆಗಳು ತುಂಬಿ ಹರಿಯುತ್ತಿದ್ದವು.

ಅದಕ್ಕೇ ಇವತ್ತಿಗೂ ಕಂಚುಗಾರ ಹಕ್ಕಿಯ ಹಣೆ ಕೆಂಪು, ಗಂಟಲು ಕೆಂಪು. ಅದಕ್ಕೇ ಬಿಸಿಲೇರಿದಾಗ ಅತ್ತಿಮರದ ತುದಿಯಲ್ಲಿ ಕೂತು, ಕೊಕ್ಕು ತೆರೆಯದೆ, ಟುಕ್ ಟುಕ್ ಅನ್ನುತ್ತಿರುತ್ತದೆ.

ಕಾಳಿಂದಿ ನನ್ನ ಕೈಯನ್ನೇ ನೋಡುತ್ತಿದ್ದಳು.

“ಮೊಟ್ಟಮೊದಲನೇದು ಇದೇ ಅಂದ್ಯಲ್ಲ ಅಜ್ಜ. ಹಂಗಾದ್ರೆ ಇದು ಆ ಹಕ್ಕೀದು. ಕೊಟ್ಟುಬಿಡು.”

“ಹೆಸರು ಹೇಳಿ ಕೇಳಲಿ, ಕೊಡೋಣ.”

“ಹೇಳ್ತಾನೇ ಇದೆಯಲ್ಲ.”

ಹೊರಗೆ ಅತ್ತಿಮರದಲ್ಲಿ ಅದು ಹೇಳುತ್ತಲೇ ಇತ್ತು. ನಾನು ಹೆಗಲು ಕುಣಿಸಿ, ಊದುಗೊಳವೆಯನ್ನು ಬಟ್ಟೆಯಲ್ಲಿ ಸುತ್ತಿಟ್ಟೆ.