ಚಳಿರಾಯನಿಗೆ ಹೇಳಿದ ಒಂದು ಕೆಲಸ

ನನ್ನ ಹಳೆಯ ದಿನಚರಿಯಲ್ಲಿ ೧೯೭೮ನೇ ಇಸವಿ ಏಪ್ರಿಲ್ ೧೬, ಭಾನುವಾರದ ಪುಟದಲ್ಲಿ ಹೀಗಿದೆ: "ಸೆಕೆ ಜಾಸ್ತಿ. ಮಧ್ಯಾಹ್ನ ನಿಂಬೆಹಣ್ಣಿನ ಪಾನಕ. ಮರದ ಹೊಟ್ಟಿನಲ್ಲಿ ಸುತ್ತಿದ ಮಂಜುಗಡ್ಡೆ ಅಂಗಡಿಯಿಂದ ಬಂತು, ಮನೆ ಮುಟ್ಟುವಾಗ ಮುಕ್ಕಾಲು ಉಳಿದಿತ್ತು. ವೈಜಯಂತಿ ಲೋಟ ನೋಡುತ್ತಾ ಕೇಳಿದಳು: ಕಲ್ಲು ಮುಳುಗುತ್ತೆ, ಇದ್ಯಾಕಮ್ಮಾ ಮುಳುಗಲ್ಲ?"

ವೈಜಯಂತಿ ನನ್ನ ಎರಡನೆಯ ಮಗಳು, ಆಗ ಆರು ವರ್ಷ. ನಾನು ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವಳು, ಅದೂ ಮೊದಲ ದರ್ಜೆಯಲ್ಲಿ. ಸರಿಯಾದ ಉತ್ತರವನ್ನೇ ಹೇಳಿದೆ. ಅವಳು ಪೂರ್ತಿ ಕೇಳಿ, "ಅದು ಹೇಗೆ ಅಂತ ಆಯ್ತು. ಯಾಕೆ ಅಂತ ಹೇಳು," ಅಂದಳು. ಆಗ ಹೇಳಿದ ಕಥೆ ಇದು. ಅವತ್ತೇ ಸಂಜೆ ಬರೆದಿಟ್ಟಿದ್ದೆ. ಈಗ ಪ್ರತಿ ಮಾಡುವಾಗ ಎರಡು ಕಡೆ ಕಾಗುಣಿತ ತಿದ್ದಿದ್ದೇನೆ, ಅಷ್ಟೆ.

*

ಲೋಕ ಆಗಿನ್ನೂ ಹೊಸದು. ಬೆಟ್ಟಗಳಿಗೆ ತಾವು ಎಲ್ಲಿ ಕೂರಬೇಕೆಂದು ಗೊತ್ತಾಗಿತ್ತು, ಆದರೆ ನದಿಗಳು ಇನ್ನೂ ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಗಾಳಿ ಮಾತಾಡುತ್ತಿತ್ತು, ಮೀನು ಮಾತಾಡುತ್ತಿತ್ತು, ಕೇಳಿಸಿಕೊಳ್ಳುವಷ್ಟು ಪುರುಸೊತ್ತು ಎಲ್ಲರಿಗೂ ಇತ್ತು.

ಆ ಲೋಕದ ತುತ್ತತುದಿಯಲ್ಲಿ, ಉತ್ತರ ದಿಕ್ಕಿಗೆ, ಬಡಗಣಕೋಡು ಎಂಬ ದೊಡ್ಡ ಖಂಡವಿತ್ತು. ಈಗ ಅಲ್ಲಿ ಹಿಮ ಬಿಟ್ಟರೆ ಹಿಮ. ಆಗ ಹಾಗಿರಲಿಲ್ಲ. ಜವೆಗೋಧಿ ಎದೆಯೆತ್ತರ ಬೆಳೆಯುತ್ತಿತ್ತು. ಅಕ್ರೋಟದ ಮರಗಳ ನೆರಳಲ್ಲಿ ಕುರಿಗಳು ಮಲಗುತ್ತಿದ್ದವು. ನಟ್ಟನಡುವೆ ಏಳುತಾಯಿ ಎಂಬ ಸರೋವರ. ಅದರ ಹೊಟ್ಟೆಯಿಂದ ಏಳು ನದಿಗಳು ಹುಟ್ಟಿ, ದಕ್ಷಿಣಕ್ಕೆ ಹರಿದು, ಲೋಕಕ್ಕೆಲ್ಲ ನೀರು ಕುಡಿಸುತ್ತಿದ್ದವು. ದಡದ ಸುತ್ತ ಏಳು ಊರುಗಳಿದ್ದವು.

ಆ ಊರುಗಳವರಿಗೆ ನೆಂಟರೆಂದರೆ ಪ್ರಾಣ. ಬಂದವರಿಗೆ ಮೊದಲು ಊಟ, ಆಮೇಲೆ ಕಂಬಳಿ, ಆಮೇಲೆ ಒಲೆಯ ಪಕ್ಕದ ಜಾಗ. "ಯಾವಾಗ ಹೊರಡುತ್ತೀರಿ?" ಎಂದು ಕೇಳಿದ ಮನೆಯವರು ಆ ಖಂಡದಲ್ಲೇ ಇರಲಿಲ್ಲ. ಇನ್ನೊಂದು ಕಟ್ಟಳೆಯೂ ಇತ್ತು. ನೆಂಟನಿಗೆ ಕೆಲಸ ಹೇಳಬಾರದು. ಹೇಳಿದರೆ, ಅವನು ಮಾಡಿದರೆ, ಆ ಗಳಿಗೆಯಿಂದ ಅವನು ಮನೆಯವನು. ಮನೆಯವನನ್ನು ಹೊರಗೆ ಕಳಿಸುವಂತಿಲ್ಲ.

ಗೋರಜ್ಜ ಎಂಬ ಮುದುಕನ ಮನೆಯಲ್ಲಿ ಹಾಗೇ ಆಗಿತ್ತು. ಒಬ್ಬ ಉಪ್ಪಿನ ವ್ಯಾಪಾರಿ ಒಂದು ಹೊತ್ತಿನ ಊಟಕ್ಕೆಂದು ಬಂದಿದ್ದ. ಗೋರಜ್ಜ ಬಾಯಿ ತಪ್ಪಿ, "ಆ ಕೊಡ ಸ್ವಲ್ಪ ಈ ಕಡೆ ಸರಿಸಪ್ಪಾ," ಎಂದುಬಿಟ್ಟ. ವ್ಯಾಪಾರಿ ಸರಿಸಿದ. ಹನ್ನೆರಡು ವರ್ಷದಿಂದ ಅಲ್ಲೇ ಉಣ್ಣುತ್ತಿದ್ದ.

ಅದೇ ಊರಿನಲ್ಲಿ ಇಂಬವ್ವ ಇದ್ದಳು. ಎಪ್ಪತ್ತು ದಾಟಿದವಳು. ಅವಳ ಒಲೆ ಒಂದು ದಿನವೂ ಆರಿರಲಿಲ್ಲ. ಅತ್ತೆಯ ಅತ್ತೆಗೂ ಹಿಂದಿನ ಕಾಲದಿಂದ, ಐದು ತಲೆಮಾರಿನಿಂದ, ಅದೇ ಕೆಂಡ. ಸಾಯುವ ದಿನ ಅತ್ತೆ ಅವಳ ಕೈಗೆ ಇಕ್ಕಳ ಕೊಟ್ಟು, "ಬಾಗಿಲು ಮುಚ್ಚಬೇಡ, ಒಲೆ ಆರಿಸಬೇಡ," ಎಂದಿದ್ದಳು. ಇಂಬವ್ವ ಎರಡನ್ನೂ ಪಾಲಿಸಿಕೊಂಡು ಬಂದಿದ್ದಳು. ಮನೆಯಲ್ಲಿ ಜೊತೆಗಿದ್ದವಳು ಮೊಮ್ಮಗಳು ಚಿಗುರೆ. ಹದಿನಾರು ವರ್ಷ, ನಾಲಿಗೆ ಸ್ವಲ್ಪ ಹರಿತ.

ಒಂದು ಬೆಳಗ್ಗೆ ಬಾಗಿಲಲ್ಲಿ ಯಾರೋ ನಿಂತಿದ್ದರು. ಎತ್ತರದ ಆಳು. ಬಿಳಿಯ ಹುಬ್ಬು. ಹಿಂದೆ ನೆರಳಿಲ್ಲ.

"ಯಾರಪ್ಪಾ?" ಎಂದಳು ಇಂಬವ್ವ.

"ಚಳಿರಾಯ ಅಂತಾರೆ. ನಕ್ಷತ್ರಗಳ ನಡುವೆ ಅಲೆಯೋನು. ಅಲ್ಲಿ ಕೂರೋಕೆ ಜಾಗ ಇಲ್ಲ ತಾಯಿ."

"ಹೊಸ್ತಿಲಲ್ಲಿ ನಿಂತು ಹೇಳೋ ಮಾತಾ ಅದು? ಒಳಗೆ ಬಾ. ಕೈಕಾಲು ತೊಳಿ."

ಚಳಿರಾಯ ಕೊಡಕ್ಕೆ ಕೈ ಅದ್ದಿದ. ಕೈ ತಾಗಿದಷ್ಟು ನೀರು ಗಟ್ಟಿಯಾಗಿ ಒಂದು ಬಿಳಿಯ ಕಲ್ಲಾಯಿತು. ಕಲ್ಲು ಮುಳುಗಿತು. ಕೊಡದ ತಳಕ್ಕೆ ತಾಗಿ, ಟಣ್ ಎಂದಿತು.

ಹೌದು, ಆ ಕಾಲದಲ್ಲಿ ಮಂಜುಗಡ್ಡೆ ಮುಳುಗುತ್ತಿತ್ತು. ಕಲ್ಲಿನ ಹಾಗೆ ನೇರ ತಳಕ್ಕೆ.

ಚಳಿರಾಯ ಒಳ್ಳೆಯ ನೆಂಟ, ಅದನ್ನು ಹೇಳಲೇಬೇಕು. ಅಂಬಲಿ ತಣ್ಣಗಾಗುತ್ತಿದ್ದರೂ ರುಚಿಯಾಗಿದೆ ಎನ್ನುತ್ತಿದ್ದ. ಹಾಸಿಗೆ ಕೊಟ್ಟರೆ ಕೈ ಮುಗಿಯುತ್ತಿದ್ದ. ಒಲೆಯ ಪಕ್ಕದ ಜಾಗ ಕೊಟ್ಟರೆ ಮಗುವಿನ ಹಾಗೆ ಕೂರುತ್ತಿದ್ದ. ಅವನು ಕೂತ ಮೇಲೆ ಒಲೆಯ ಉರಿ ಮೊಳದಿಂದ ಗೇಣಾಯಿತು, ಗೇಣಿನಿಂದ ಬೆರಳಾಯಿತು. ಆದರೂ ನೆಂಟ ನೆಂಟನೇ.

ದಿನಾ ಬೆಳಗ್ಗೆ ಅವನು ಏಳುತಾಯಿಯ ದಡಕ್ಕೆ ಹೋಗಿ ನೀರಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದ. ಕಾಲಿಟ್ಟಲ್ಲಿ ನೀರು ಬಿಳಿಯ ಚಪ್ಪಡಿಯಾಗುತ್ತಿತ್ತು. ಚಪ್ಪಡಿ ಮುಳುಗುತ್ತಿತ್ತು. ಮರುದಿನ ಅದರ ಮೇಲೆ ಇನ್ನೊಂದು. ಅದರ ಮೇಲೆ ಮತ್ತೊಂದು.

ನಲವತ್ತನೆಯ ದಿನ ಇಂಬವ್ವ ನೀರಿಗೆ ಹೋದಾಗ, ಸರೋವರದ ಹಿರಿಯ ಮೀನು ಮೀಸೆಜ್ಜ ದಡಕ್ಕೆ ಬಂದಿದ್ದ. ಅವನ ಬೆನ್ನು ನೀರಿನಿಂದ ಹೊರಗೆ ಕಾಣುತ್ತಿತ್ತು.

"ಏನಜ್ಜ, ಬಿಸಿಲು ಕಾಯಿಸ್ತಿದೀಯಾ?"

"ಬಿಸಿಲೆಲ್ಲಿ ಬಂತು ಇಂಬವ್ವಾ. ನಮ್ಮ ಮನೆಯ ನೆಲ ದಿನಾ ಮೇಲೇರ್ತಾ ಇದೆ. ಮೊದಲು ಹತ್ತಾಳು ನೀರಿತ್ತು. ಈಗ ನೋಡು, ಹೊಟ್ಟೆ ಕೆಳಗೆ ಗಡ್ಡೆ, ಬೆನ್ನ ಮೇಲೆ ಗಾಳಿ. ಮರಿಗಳು ಒಂದರ ಮೇಲೊಂದು ಮಲಗಿವೆ."

ಏಳು ನದಿಗಳ ದನಿಯೂ ಸಣ್ಣಗಾಗಿತ್ತು. ಗುಟುಕು ಗುಟುಕಾಗಿ ಹರಿಯುತ್ತಾ, "ಅವ್ವಾ, ಬಾಯಾರಿಕೆ," ಎನ್ನುತ್ತಿದ್ದವು. ನದಿಗೇ ಬಾಯಾರಿಕೆ ಎಂದರೆ ಲೋಕದ ಗತಿಯೇನು?

ಮನೆಗೆ ಬಂದ ಅಜ್ಜಿಯ ಮುಖ ನೋಡಿ ಚಿಗುರೆ, "ಎದ್ದು ಹೋಗು ಅಂತ ಅವನಿಗೆ ಹೇಳಜ್ಜಿ," ಎಂದಳು.

"ನೆಂಟನಿಗೆ ಎದ್ದು ಹೋಗು ಅನ್ನೋದುಂಟೇನೇ?"

"ಹಾಗಾದ್ರೆ ನಾನು ಹೇಳದೇ ಹೇಳ್ತೀನಿ."

ಚಿಗುರೆ ಚಳಿರಾಯನ ಜೋಡುಗಳನ್ನು ದಾರಿಯ ಕಡೆಗೆ ಮುಖ ಮಾಡಿ ಇಟ್ಟಳು. ಬುತ್ತಿ ಕಟ್ಟಿ ಬಾಗಿಲ ಬಳಿ ಇಟ್ಟಳು. "ದಕ್ಷಿಣದ ಕಡೆ ಈಗ ಹವೆ ತುಂಬಾ ಚೆನ್ನಾಗಿದೆಯಂತೆ," ಎಂದು ಗೋಡೆಗೆ ಹೇಳಿದಳು.

ಚಳಿರಾಯನ ಕಣ್ಣು ತುಂಬಿ ಬಂತು. "ಜೋಡನ್ನೂ ತಿರುಗಿಸಿಡ್ತಾರಲ್ಲ! ಇಂಥ ಉಪಚಾರ ನಾನು ಎಲ್ಲೂ ಕಂಡಿಲ್ಲ," ಎಂದು ಬುತ್ತಿಯನ್ನು ಅಲ್ಲೇ ಬಿಚ್ಚಿ ಉಂಡ.

ಮೇಲೆ ಹಾದುಹೋಗುತ್ತಿದ್ದ ಗಾಳಿಯಕ್ಕ ನಕ್ಕಳು. "ಅವನನ್ನ ನಾನು ಬಲ್ಲೆ. ಎಲ್ಲೂ ನೂರು ದಿನಕ್ಕಿಂತ ಹೆಚ್ಚು ಕೂತೋನಲ್ಲ. ನೂರನೇ ದಿನ ನಾನೇ ಬಂದು ಕರ್ಕೊಂಡು ಹೋಗ್ತೀನಿ."

"ಕೇಳಿದೆಯಾ?" ಎಂದ ಗೋರಜ್ಜ, ಪಂಚಾಯಿತಿಗೆಂದೇ ಬಂದು ಕೂತಿದ್ದವನು. "ನಲವತ್ತು ಕಳೀತು. ಇನ್ನು ಅರವತ್ತು ದಿನ ಹಲ್ಲು ಕಚ್ಚಿ ಕೂತರೆ ನಮ್ಮ ಖಂಡ ನಮಗೆ."

ಇಂಬವ್ವ ಮತ್ತೆ ದಡಕ್ಕೆ ಹೋಗಿ ಅದನ್ನು ಮೀಸೆಜ್ಜನಿಗೆ ಹೇಳಿದಳು.

"ಅರವತ್ತಾ?" ಎಂದ ಮೀಸೆಜ್ಜ, ಸಿಟ್ಟಿಲ್ಲದೆ. "ನಮಗೆ ಆರು ದಿನಾನೂ ಇಲ್ಲ, ತಾಯಿ."

ಇಂಬವ್ವ ಅಲ್ಲೇ ಕಲ್ಲಿನ ಮೇಲೆ ಕುಳಿತಳು. ಸ್ವಲ್ಪ ದೂರದಲ್ಲಿ ಚಳಿರಾಯ ಕಾಲು ಇಳಿಬಿಟ್ಟುಕೊಂಡು ನೀರು ನೋಡುತ್ತಿದ್ದ.

"ರಾಯಾ," ಎಂದಳು ಮೆಲ್ಲಗೆ. "ಈ ಕಲ್ಲುಗಳನ್ನ ಕೆಳಗೇ ಯಾಕೆ ಹಾಸ್ತೀಯಪ್ಪಾ?"

"ನಾನು ಹಾಸೋದಲ್ಲ ತಾಯಿ. ಅದಾಗಿ ಬೀಳುತ್ತೆ. ಹೇಗಿಡಬೇಕು ಅಂತ ನಂಗೆ ಯಾರು ಹೇಳಿಕೊಟ್ಟಿದಾರೆ? ಹೋದಲ್ಲೆಲ್ಲ ನಾನು ನೆಂಟ. ಎಲ್ಲರೂ ಕೂರಿಸ್ತಾರೆ. ಒಂದು ಕಡ್ಡಿ ಎತ್ತಿಡು ಅಂತ ಯಾರೂ ಅಂದಿಲ್ಲ."

ಇಂಬವ್ವ ಅವನನ್ನೇ ನೋಡಿದಳು. ಲೋಕ ಹುಟ್ಟಿದಾಗಿನಿಂದ ಅಲೆದವನು. ಒಂದೇ ಒಂದು ಕೆಲಸ ಕಲಿಯದವನು. ಅವಳಿಗೆ ಅಯ್ಯೋ ಎನಿಸಿತು. ಹಾಗೆಯೇ, ಏನು ಮಾಡಬೇಕೆಂಬುದೂ ಹೊಳೆಯಿತು. ಅದನ್ನು ಮೀಸೆಜ್ಜನಿಗೆ ಪಿಸುಗುಟ್ಟಿದಳು. ಗಾಳಿಯಕ್ಕ ಕೇಳಿಸಿಕೊಂಡು ಊರಿಗೆ ಒಯ್ದಳು.

ಸುದ್ದಿ ತಿಳಿದು ಗೋರಜ್ಜ ಓಡಿ ಬಂದ. "ಇಂಬವ್ವಾ, ನಾಲಿಗೆ ಕಚ್ಚಿಕೋ! ಕೆಲಸ ಹೇಳಿದೆಯೋ, ಇವನು ಇಲ್ಲೇ ಉಳೀತಾನೆ, ಎಂದೆಂದಿಗೂ. ನನ್ನ ಉಪ್ಪಿನವನು ದಿನಕ್ಕೆ ಎರಡು ಬಟ್ಟಲು ಉಣ್ತಾನೆ. ಇವನು ಸೂರ್ಯನನ್ನೇ ಉಣ್ತಾನೆ!"

"ಗೊತ್ತು ಕಣೋ."

"ನಿನ್ನ ಒಲೆ ಆರುತ್ತೆ."

ಇಂಬವ್ವನಿಗೆ ಅತ್ತೆಯ ಮಾತು ನೆನಪಾಯಿತು. ಬಾಗಿಲು ಮುಚ್ಚಬೇಡ, ಒಲೆ ಆರಿಸಬೇಡ. ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳಲಾಗದ ದಿನ ಬಂದರೆ ಏನು ಮಾಡಬೇಕೆಂದು ಅತ್ತೆ ಹೇಳಿರಲಿಲ್ಲ.

"ಒಲೆ ನನ್ನೊಬ್ಬಳದು," ಎಂದಳು ಕೊನೆಗೆ. "ನೀರು ಎಲ್ಲರದು."

ಅವಳು ಚಳಿರಾಯನನ್ನು ಮನೆಗೆ ಕರೆತಂದಳು. ಒಳಗೆ ಚಿಗುರೆ ಒಲೆಯ ಮುಂದೆ ಮುದುರಿ ಮಲಗಿದ್ದಳು. ಇಂಬವ್ವ ಹೆಗಲ ಮೇಲಿನ ಕಂಬಳಿ ತೆಗೆದಳು.

"ನೋಡು ಮಗಾ. ಮಲಗಿದ ಮಕ್ಕಳಿಗೆ ಹೊದಿಕೆಯನ್ನ ಕೆಳಗೆ ತುರುಕಬಾರದು. ಮೇಲೆ ಹೊದಿಸಬೇಕು. ಹೀಗೆ. ಅಂಚು ಬಿಗಿಯಾಗಿ, ನಡುವೆ ಉಸಿರಾಡೋಕೆ ಜಾಗ ಬಿಟ್ಟು. ಹೊರಗಿನ ಥಂಡಿ ಎಷ್ಟಿದ್ದರೂ ಹೊದಿಕೆ ತಾನು ತಿನ್ನಬೇಕು, ಮಕ್ಕಳಿಗೆ ಬಿಡಬಾರದು. ತಿಳೀತಾ?"

"ತಿಳೀತು," ಎಂದ ಚಳಿರಾಯ. ಇಂಬವ್ವ ತನ್ನನ್ನು ಮಗಾ ಎಂದದ್ದನ್ನು ಅವನು ಗಮನಿಸಿದ್ದ.

"ಏಳುತಾಯಿಯ ಮಕ್ಕಳು ಮಲಗಿದಾರೆ. ಹೋಗಿ ಅವರಿಗೆ ಹೊದಿಸಿ ಬಾ."

ಕಟ್ಟಳೆ ಮುರಿಯಿತು. ಅಲ್ಲ, ಕಟ್ಟಳೆ ನಡೆಯಿತು.

ಚಳಿರಾಯ ದಡದಲ್ಲಿ ನಿಂತು, ಬಗ್ಗಿ, ತಳದಲ್ಲಿದ್ದ ತನ್ನ ಚಪ್ಪಡಿಗಳನ್ನೆಲ್ಲ ಕರೆದ. "ಮೇಲೆ ಬನ್ನಿ. ಇನ್ನು ಮೇಲೆಯೇ ಇರಿ. ನೀವು ಹಾಸಿಗೆಯಲ್ಲ, ಹೊದಿಕೆ." ಸರೋವರ ಒಮ್ಮೆ ಗುಡುಗಿತು. ಚಪ್ಪಡಿಗಳು ಒಂದೊಂದಾಗಿ ಎದ್ದು ಬಂದವು, ಅಂಚಿಗೆ ಅಂಚು ಕೂಡಿಸಿ ನೀರಿನ ಮೇಲೆ ಮಲಗಿದವು. ಕೆಳಗೆ ಹತ್ತಾಳು ನೀರು ಮತ್ತೆ ಉಸಿರಾಡಿತು. ಹೊದಿಕೆಯ ಕೆಳಗಿನಿಂದ ಏಳು ನದಿಗಳು ನುಸುಳಿಕೊಂಡು ದಕ್ಷಿಣಕ್ಕೆ ಓಡಿದವು. ಲೋಕದಲ್ಲಿದ್ದ ಮಂಜುಗಡ್ಡೆಯೆಲ್ಲ ಆ ಮಾತನ್ನು ಕೇಳಿಸಿಕೊಂಡಿತು.

"ಬೆಚ್ಚಗಿದೆ ಕಣವ್ವಾ," ಎಂದು ಮೀಸೆಜ್ಜನ ದನಿ ಕೆಳಗಿನಿಂದ ಬಂತು. ಅದೇ ಅವನ ಕೊನೆಯ ಮಾತು. ಹೊದಿಕೆ ದಪ್ಪವಾದ ಮೇಲೆ ಇನ್ನೇನೂ ಕೇಳಿಸಲಿಲ್ಲ.

ನೂರನೆಯ ದಿನ ಗಾಳಿಯಕ್ಕ ಬಂದಳು. "ನಡಿ ರಾಯಾ, ಹೊರಡೋಣ."

"ಎಲ್ಲಿಗಕ್ಕಾ?" ಎಂದ ಚಳಿರಾಯ. "ಇದು ನನ್ನ ಮನೆ. ಮಕ್ಕಳಿಗೆ ಹೊದಿಸೋ ಕೆಲಸ ನನ್ನದು."

ಇಂಬವ್ವ ಮನೆಯವರ ಬಟ್ಟಲುಗಳ ಸಾಲಿನಲ್ಲಿ ಅವನ ಬಟ್ಟಲನ್ನೂ ಇಟ್ಟಿದ್ದಳು. ಹೋಗು ಎನ್ನಲಿಲ್ಲ. ಮನೆಯವನನ್ನು ಹೊರಗೆ ಕಳಿಸುವಂತಿಲ್ಲವಲ್ಲ. ಆದರೆ ಮನೆಯವರು ತಾವೇ ಹೊರಡುವುದಕ್ಕೆ ಯಾವ ಕಟ್ಟಳೆಯೂ ಅಡ್ಡ ಬರುವುದಿಲ್ಲ. ಆ ವರ್ಷ ಜವೆಗೋಧಿ ಮೊಳಕೆಯಲ್ಲೇ ಕಪ್ಪಾಯಿತು. ಏಳು ಊರಿನವರೂ ಗಂಟು ಕಟ್ಟಿದರು.

"ಎಲ್ಲರೂ ಹೋದರೆ ನಾನೊಬ್ಬನೇ ಏನು ಮಾಡಲವ್ವಾ?" ಎಂದು ಚಳಿರಾಯ ಕೇಳಿದ.

"ಮನೆ ನೋಡ್ಕೊಳ್ಳೋಕೆ ಒಬ್ಬರು ಬೇಕಲ್ಲಪ್ಪಾ. ಹೊದಿಕೆ ಸರಿಯದ ಹಾಗೆ ನೋಡ್ಕೋ." ಇಂಬವ್ವ ತನ್ನ ಕಂಬಳಿಯನ್ನು ಅವನ ಹೆಗಲಿಗೆ ಹಾಕಿದಳು. ಬಾಗಿಲು ಮುಚ್ಚದೆಯೇ ಹೊರಟಳು.

ಅದಕ್ಕೇ, ಇವತ್ತಿಗೂ ಪಾನಕದ ಲೋಟಕ್ಕೆ ಮಂಜುಗಡ್ಡೆ ಹಾಕಿದರೆ, ಅದು ಹಳೆಯ ಅಭ್ಯಾಸದಿಂದ ಒಮ್ಮೆ ಮುಳುಗುತ್ತದೆ. ಮರುಗಳಿಗೆಯಲ್ಲೇ ಹೇಳಿದ ಕೆಲಸ ನೆನಪಾಗಿ ಮೇಲೆ ಬಂದು, ತನ್ನ ಕೆಳಗೆ ಮಕ್ಕಳಿದ್ದಾರೆಂದೇ ತಿಳಿದು, ನೀರಿಗೆ ಹೊದಿಕೆಯಾಗಿ ನಿಲ್ಲುತ್ತದೆ.

ಇದಕ್ಕೆ ಕೊನೆಗೆ ತೆತ್ತದ್ದು ಇಷ್ಟು. ಬಡಗಣಕೋಡಿನ ಏಳು ಊರುಗಳು ಖಾಲಿಯಾದವು. ಅಲ್ಲಿ ಮತ್ತೆಂದೂ ಜವೆಗೋಧಿ ಬೆಳೆಯಲಿಲ್ಲ, ಅಕ್ರೋಟ ಕಾಯಿ ಬಿಡಲಿಲ್ಲ. ಗೋರಜ್ಜ ದಾರಿಯಲ್ಲಿ ತೀರಿಕೊಂಡ. ಉಪ್ಪಿನವನೇ ಮಗನಂತೆ ಮಣ್ಣು ಮಾಡಿದ. ಇಂಬವ್ವ ಮಡಕೆಯಲ್ಲಿ ಹೊತ್ತು ತಂದ ಐದು ತಲೆಮಾರಿನ ಕೆಂಡ ಮೂರನೆಯ ನದಿ ದಾಟುವಾಗ ಆರಿತು. ಚಿಗುರೆ ದಕ್ಷಿಣದ ಒಂದು ಮನೆಗೆ ಸೊಸೆಯಾದಳು. ಇಂಬವ್ವ ಆ ಮನೆಯಲ್ಲಿ ಹನ್ನೊಂದು ವರ್ಷ ಬದುಕಿದಳು. ಬೀಗರು ಒಳ್ಳೆಯವರು. ಅವಳು ಇಕ್ಕಳಕ್ಕೆ ಕೈ ಚಾಚಿದಾಗಲೆಲ್ಲ, "ನೀವ್ಯಾಕೆ ಅಜ್ಜಿ, ಕೂತ್ಕೊಳ್ಳಿ," ಎಂದು ಒಲೆಯ ಪಕ್ಕದ ಜಾಗ ತೋರಿಸುತ್ತಿದ್ದರು. ಹನ್ನೊಂದು ವರ್ಷದಲ್ಲಿ ಯಾರೂ ಅವಳಿಗೆ ಒಂದು ಕೆಲಸವನ್ನೂ ಹೇಳಲಿಲ್ಲ.