ಸೇತುವೆ ಎಳೆದು ತಂದ ಬುಲ್ಡೋಜರ್

ದಿಮ್ಮಿ ಎಳೆಯುವ ಕಾಡುದಾರಿಯಲ್ಲಿ ಆಳವಾದ ಕೊರಕಲೊಂದಿತ್ತು. ಅದರ ಮೇಲಿನ ಹಳೆಯ ಮರದ ಸೇತುವೆಯನ್ನು ಹೆಣ್ಣಾನೆ ಭದ್ರಿ ಎಂದಿನಂತೆ ಮುಂಗಾಲಿನಿಂದ ಒತ್ತಿ ನೋಡುತ್ತಿದ್ದಾಗ, ಹಿಂದಿನಿಂದ ಬುಲ್ಡೋಜರ್ ಬಂತು.

"ದಾರಿ ಬಿಡಮ್ಮ. ಮುಂದೆ ಬೆಟ್ಟದ ಮೇಲೆ ಕಟ್ಟುವ ಹೊಸ ಸೇತುವೆಗೆ ಉಕ್ಕಿನ ತೊಲೆ ಎಳೆದು ತಂದಿದ್ದೇನೆ."

"ಒಂದೊಂದೇ ತೊಲೆ ದಾಟಿಸು ಮಾರಾಯ. ನಾನು ದಿಮ್ಮಿ ದಾಟಿಸುವುದೂ ಹಾಗೆಯೇ. ನನ್ನ ಮರಿ ಆಚೆ ಶಿಬಿರದಲ್ಲಿದೆ. ಇದು ಮುರಿದರೆ ನನಗೆ ಬೇರೆ ದಾರಿಯಿಲ್ಲ."

"ನನ್ನ ತಾಕತ್ತು ಇಪ್ಪತ್ತು ಟನ್ನು, ಗೊತ್ತೇ?"

"ನಿನ್ನದು ಗೊತ್ತು. ಸೇತುವೆಯದನ್ನು ಕೇಳಿದೆಯಾ?"

"ಕೆಳಗಿನ ದಾರಿಯಲ್ಲಿ ಇಂಥವೇ ಎರಡನ್ನು ದಾಟಿ ಬಂದೆ. ಅವೇನೂ ಮಾತಾಡಲಿಲ್ಲ," ಎಂದು ಬುಲ್ಡೋಜರ್ ನಕ್ಕು ಮುಂದೆ ಹೋಯಿತು.

ಮೂರನೆಯದು ಮಾತಾಡಿತು. ನಡುವಿಗೆ ಬರುವಷ್ಟರಲ್ಲಿ ಸೇತುವೆ ಮುರಿದು, ಬುಲ್ಡೋಜರ್ ತೊಲೆಗಳ ಸಮೇತ ಕೊರಕಲಿಗೆ ಬಿತ್ತು.

"ನನ್ನನ್ನು ಮೇಲೆತ್ತು ತಾಯಿ," ಎಂದು ಅದು ಕೆಳಗಿನಿಂದ ಗೋಗರೆಯಿತು.

"ನಿನ್ನನ್ನು ಎತ್ತುವ ಶಕ್ತಿ ನನಗಿಲ್ಲ. ಊರಿನಿಂದ ಕ್ರೇನ್ ಬರಬೇಕು, ಅದೂ ನೀನು ಬಂದ ದಾರಿಯಲ್ಲೇ. ನೀನು ದಾಟಿದ ಮೇಲೆ ಆ ಎರಡು ಸೇತುವೆಗಳು ಏನಾದವೆಂದು ಒಮ್ಮೆಯಾದರೂ ತಿರುಗಿ ನೋಡಿದೆಯಾ?"

ಬುಲ್ಡೋಜರ್ ನೋಡಿರಲಿಲ್ಲ.

ಆಚೆ ಬದಿಯಿಂದ ಮರಿ ಕೂಗಿತು. ಭದ್ರಿ ಒಮ್ಮೆ ಓಗೊಟ್ಟು ಕಾಡಿಗೆ ಹೋದಳು. ಸಂಜೆಯ ಹೊತ್ತಿಗೆ, ಮತ್ತೆ ಸೇತುವೆ ಹಾಕಲು ಮೊದಲ ದಿಮ್ಮಿಯನ್ನು ಎಳೆದು ತಂದಳು. ಮರಿ ಕೂಗುತ್ತಲೇ ಇತ್ತು. ಆದರೂ ಆ ದಿಮ್ಮಿಯನ್ನು ಕೊರಕಲಿನ ಮೇಲೆ ಚಾಚುವ ಮೊದಲು, ಅದನ್ನೂ ಮುಂಗಾಲಿನಿಂದ ಒತ್ತಿ ನೋಡಿದಳು.