ಹತ್ತನೆಯ ತೋಟಾ

ನನಗೆ ಕೋವಿಯ ವಿದ್ಯೆ ಕಲಿಸಿದವರು ಅಚ್ಚಯ್ಯಜ್ಜ. ಕಲಿಯುವ ಮೊದಲೇ ನನಗೆ ಎಲ್ಲಾ ಗೊತ್ತಿತ್ತು, ಆ ಮಾತು ಬೇರೆ.

ಹೊಳೆದಂಡೆಯಲ್ಲಿ ಅವರ ಮನೆ. ಜಗಲಿಯ ಮೇಲೆ ತೋಟಾ ತುಂಬುವ ಯಂತ್ರ, ಗೋಡೆಗೊರಗಿಸಿದ ಹಳೆಯ ರೈಫಲ್. ಅಜ್ಜನ ನಿಯಮ ಒಂದೇ. ತನ್ನ ತೋಟಾವನ್ನು ತಾನೇ ತುಂಬಲಾರದವನು ತೆಂಗಿನಕಾಯಿ ಪಂದ್ಯದಲ್ಲಿ ಕೋವಿ ಎತ್ತಬಾರದು.

ಪಂದ್ಯ ಭಾನುವಾರ. ನೂರು ಗಜ ದೂರದ ಕಾಯಿಗೆ ಒಬ್ಬೊಬ್ಬರಿಗೆ ಒಂದೇ ಗುಂಡು. ನಾನು ಗೆದ್ದೆನೆಂದು ಊರಿಗೆಲ್ಲ ಆಗಲೇ ಹೇಳಿ ಮುಗಿಸಿದ್ದೆ.

ಗುರುವಾರ ಅಜ್ಜ ಹತ್ತು ಖಾಲಿ ಹಿತ್ತಾಳೆ ತೋಟಾ ಕೊಟ್ಟರು. ಒಂದೊಂದರೊಳಗೂ ಮದ್ದು ಹಾಕಿ, ಬಾಯಿಗೆ ಗುಂಡು ಕೂರಿಸಿ, ಕೊನೆಗೆ ಯಂತ್ರದ ಹಿಡಿಕೆ ಎಳೆದು, ತೋಟಾದ ಅಂಚು ಗುಂಡನ್ನು ಕಚ್ಚುವಂತೆ ಬಿಗಿಯಬೇಕು.

ನನ್ನ ತೋಳಿನ ವಿಷಯ ನಾನೇ ಹೇಳಬಾರದು. ಎಳೆದೆ. ಯಂತ್ರ ಕಿರುಗುಟ್ಟಿತು, ಜಗಲಿ ಕಿರುಗುಟ್ಟಿತು, ಆಚೆ ದಡದ ಹಸುಗಳು ತಲೆಯೆತ್ತಿ ನೋಡಿದವು. ಒಂಬತ್ತು ಮುಗಿಸಿದೆ.

"ಆನೆ ಎಳೆದರೂ ಈ ಗುಂಡು ಕಿತ್ತು ಬರುವುದಿಲ್ಲ ಅಜ್ಜ" ಎಂದೆ.

"ಆನೆಯನ್ನು ಪಂದ್ಯಕ್ಕೆ ಕರೆದಿಲ್ಲ" ಎಂದರು ಅಜ್ಜ.

ಒಂದೊಂದನ್ನೇ ರೈಫಲ್‌ಗೆ ಹಾಕಿ ನೋಡಿದರು. ಒಂದೂ ಒಳಗೆ ಹೋಗಲಿಲ್ಲ. ನಾನು ಬಿಗಿದ ಭರಕ್ಕೆ ಒಂಬತ್ತು ತೋಟಾಗಳೂ ಕತ್ತಿನ ಕೆಳಗೆ ಉಬ್ಬಿದ್ದವು. ಉಳಿದದ್ದು ಒಂದೇ.

"ಹಾಗಾದರೆ ಎಷ್ಟು ಬಿಗಿಯಬೇಕು?"

ಅಜ್ಜ ಒಳಗೆ ಹೋಗಿ ಜೇನಿನ ಬಾಟಲಿ ತಂದರು. ಅದರ ಮುಚ್ಚಳವನ್ನು ನನ್ನ ಲೆಕ್ಕದಲ್ಲೇ ಬಿಗಿಯಲು ಹೇಳಿದರು. ಬಿಗಿದೆ.

ಮರುದಿನ ಬೆಳಿಗ್ಗೆ ಅಜ್ಜನ ಹೆಂಡತಿ ಚೋಂದಮ್ಮಜ್ಜಿ ಬಿಸಿ ಅಕ್ಕಿರೊಟ್ಟಿ ಬಡಿಸಿ, ಅದೇ ಬಾಟಲಿಯನ್ನು ನನ್ನ ಮುಂದಿಟ್ಟರು. ತಿರುಗಿಸಿದೆ. ಪಂಚೆಯ ತುದಿ ಸುತ್ತಿ ತಿರುಗಿಸಿದೆ. ಮೊಣಕಾಲುಗಳ ಮಧ್ಯೆ ಇಟ್ಟು ತಿರುಗಿಸಿದೆ. ಮುಚ್ಚಳದ ಬದಲು ನಾನೇ ತಿರುಗಿದೆ. ಅಜ್ಜಿ ನಗು ತಡೆಯಲಾರದೆ ಕಾವಲಿ ಇಳಿಸಿ ಕುಳಿತುಬಿಟ್ಟರು.

ಗಾಜಿನೊಳಗೆ ಜೇನು ಹೊಳೆಯುತ್ತಿತ್ತು. ಮೂವರೂ ಬರೀ ರೊಟ್ಟಿ ತಿಂದೆವು.

"ಜೇನು ಭದ್ರವಾಗಿದೆ" ಎಂದರು ಅಜ್ಜ.

ಆ ಮಧ್ಯಾಹ್ನ ಹತ್ತನೆಯ ತೋಟಾಕ್ಕೆ ಎರಡೇ ಬೆರಳಿನಲ್ಲಿ ಹಿಡಿಕೆ ಎಳೆದೆ. ಗುಂಡನ್ನು ತಿರುಗಿಸಿ ನೋಡಿದರೆ ಅಲುಗಲಿಲ್ಲ. ಇನ್ನೊಂದು ಚೂರು ಎಳೆಯೋಣವೆಂದು ಕೈ ತುರಿಸಿತು. ಬಾಟಲಿ ನೆನಪಾಯಿತು. ನಿಲ್ಲಿಸಿದೆ.

ತೋಟಾ ರೈಫಲ್‌ನೊಳಗೆ ನುಣ್ಣಗೆ ಜಾರಿ ಕೂತಿತು. ಅಜ್ಜ "ಹೂಂ" ಎಂದರು. ಅಷ್ಟು ದೊಡ್ಡ ಹೊಗಳಿಕೆಯನ್ನು ಅವರು ಅದುವರೆಗೆ ಯಾರಿಗೂ ಕೊಟ್ಟಿರಲಿಲ್ಲ.

ಭಾನುವಾರ ಬೆಳಿಗ್ಗೆ ನನ್ನ ಸರದಿ ಬಂತು. ಒಂದು ಗುಂಡು. ಕಾಯಿ ಒಡೆದು ನೀರು ಚಿಮ್ಮಿತು.

ಉಳಿದ ಹೋಳನ್ನು ಎದೆಗವಚಿಕೊಂಡು ಮನೆಮನೆಗೂ ಹೋಗಿ ಹೇಳಿದೆ. ಮೊದಲ ಮನೆಯಲ್ಲಿ ನೂರು ಗಜವಿದ್ದ ದೂರ, ಏಳನೆಯ ಮನೆ ತಲುಪುವಷ್ಟರಲ್ಲಿ ಹೊಳೆ ದಾಟಿತ್ತು. ಸಂಜೆ ಅಜ್ಜನ ಜಗಲಿಗೆ ಬಂದು, ಅವರು ಕಣ್ಣಾರೆ ಕಂಡದ್ದನ್ನು ಅವರಿಗೇ ಮೊದಲಿನಿಂದ ಹೇಳತೊಡಗಿದೆ.

ಅಜ್ಜ ಪೂರ್ತಿ ಕೇಳಿದರು. ಆಮೇಲೆ ಕೈ ಚಾಚಿದರು.

"ತೋಟಾ ಬೆಳಿಗ್ಗೆಯೇ ಗುಂಡನ್ನು ಬಿಟ್ಟಿತು, ನಾಣಯ್ಯ. ನೀನೂ ಆ ಕಾಯಿ ಬಿಡು, ಚಟ್ನಿಗೆ ಬೇಕು."